ಐದೂರಿನ ಚಳಿ ಪಟ್ಟಿ

ಒಂಬತ್ತು ರೂಪಾಯಿ ಕೊಟ್ಟೆ. ಅಂಗಡಿಯವನು ಕೇಳಿದ್ದು ಹದಿನೆಂಟು. ಕೊಟ್ಟೂರಿನ ನನ್ನ ಕಂಬಳಿ ಅಂಗಡಿಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಮೊಳದುದ್ದದ ಮರದ ಹಲಗೆಯ ಮೇಲೆ ಗಾಜಿನ ಕೊಳವೆ ಕೂತಿರುವ ಒಂದು ವಸ್ತು ನೇತಾಡುತ್ತಿದೆ, ಅದರ ಬೆಲೆ ಹೇಳುತ್ತಿದ್ದೇನೆ. ಬಂದ ಗಿರಾಕಿಗಳು ಅದನ್ನು ನೋಡಿ "ಇದೇನ್ರಿ, ಜ್ವರ ನೋಡೋದಾ?" ಎಂದು ಕೇಳುತ್ತಾರೆ. "ಹೌದ್ರಿ, ಊರಿಗೆ ಜ್ವರ ಬಂದ್ರ ನೋಡೋದು" ಎನ್ನುತ್ತೇನೆ. ನಗುತ್ತಾರೆ. ನಕ್ಕ ಗಿರಾಕಿ ಆಮೇಲೆ ಬೆಲೆ ಇಳಿಸಲು ಸ್ವಲ್ಪ ಸಂಕೋಚಪಡುತ್ತಾನೆ. ವ್ಯಾಪಾರಕ್ಕೆ ಹೊಸದಾಗಿ ಇಳಿದವರು ಇದನ್ನು ಗುರುತು ಹಾಕಿಕೊಳ್ಳಬಹುದು.

ಅದು ಹವೆಯ ಬಿಸಿ ತಂಪು ಅಳೆಯುವ ಥರ್ಮಾಮೀಟರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ ದಾವಣಗೆರೆಯ ಒಂದು ಗುಜರಿ ಅಂಗಡಿಯಲ್ಲಿ ಕೊಂಡದ್ದು. ಹಲಗೆಯ ಕೆಳತುದಿ ಸೀಳಿತ್ತು. ನಾನು ಆ ಸೀಳಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತೆ. ಚೌಕಾಸಿಯಲ್ಲಿ ಬಾಯಿಗಿಂತ ಬೆರಳು ಹೆಚ್ಚು ಕೆಲಸ ಮಾಡುತ್ತದೆ.

"ಹಲಗಿ ಸೀಳೈತಲ್ರಿ ಸಾಹೇಬ್ರ" ಎಂದೆ ಕೊನೆಗೆ.

ಅಂಗಡಿಯ ಮುದುಕರು ಕನ್ನಡಕದ ಮೇಲಿಂದ ನೋಡಿದರು. "ಹಲಗಿ ಸೀಳಿದ್ರ ಚಳಿ ಸೋರಿ ಹೋಗ್ತೈತೇನು? ಪಾದರಸ ನೋಡ್ರಿ. ಬಿಸಿಲಿಗಿಟ್ರ ಏರ್ತೈತಿ, ನೆಳ್ಳಿಗಿಟ್ರ ಇಳೀತೈತಿ. ಮನುಷಾರಿಗೂ ಇಷ್ಟು ನಿಯತ್ತಿಲ್ಲ."

"ನಿಯತ್ತಿಗೆ ಒಂಬತ್ತು ರೂಪಾಯಿ ಕೊಡ್ತೀನಿ. ಹಲಗಿ ನೀವೇ ಇಟ್ಕೊಳ್ರಿ."

ಮುದುಕರು ನಕ್ಕರು. ಹಲಗೆ ಸಮೇತ ಒಂಬತ್ತಕ್ಕೇ ಬಂತು. ಮೇಲೆ ಓದುವ ವಿದ್ಯೆಯನ್ನೂ ಪುಕ್ಕಟೆ ಕಲಿಸಿದರು. ಅದು ಹಳೇ ಕಾಲದ ಅಳತೆಯದು. ಅಂಕಿ ಅರವತ್ತರ ಕೆಳಗೆ ಇಳಿದರೆ ಹಲ್ಲು ಕಟಕಟ ಎನ್ನುವ ಚಳಿ, ಎಂಬತ್ತರ ಆಚೀಚೆ ಹಿತ, ನೂರು ದಾಟಿದರೆ ನಮ್ಮ ಕಡೆಯ ಬೇಸಗೆ. ಇಷ್ಟು ತಿಳಿದುಕೊಂಡರೆ ನಿಮಗೂ ಮುಂದಿನ ಕಥೆಗೆ ಸಾಕು.

ಕಂಬಳಿ ಮಾರುವವನಿಗೆ ಇದು ಯಾಕೆ ಬೇಕಾಯಿತು? ಯಾಕೆಂದರೆ ನನ್ನ ಮಗಳು ಹುಟ್ಟಿದ್ದಳು, ಎಂಟು ತಿಂಗಳಿಗೇ. ಆದರೆ ಅಲ್ಲಿಗೆ ಹೋಗುವ ಮೊದಲು ನಾನು ಚಳಿಯ ವ್ಯಾಪಾರಕ್ಕೆ ಬಿದ್ದದ್ದು ಹೇಗೆ ಎಂದು ಸ್ವಲ್ಪ ಹೇಳುತ್ತೇನೆ. ನಿಮಗೆ ಅವಸರವಿಲ್ಲ ಎಂದುಕೊಂಡಿದ್ದೇನೆ. ಅವಸರದ ಗಿರಾಕಿಗೆ ನಾನು ಕಂಬಳಿಯನ್ನೂ ಮಾರುವುದಿಲ್ಲ.

ನಾವು ನಾಲ್ಕು ಜನ ಮಕ್ಕಳು, ಮನೆಯಲ್ಲಿ ದೊಡ್ಡ ಕಂಬಳಿ ಒಂದು. ಅದರಡಿ ನಡುವಿನ ಎರಡು ಜಾಗ ಸ್ವರ್ಗ, ಅಂಚಿನ ಎರಡು ಜಾಗ ಬಯಲು. ಅಂಚಿನವನು ಎಳೆದರೆ ಆ ಕಡೆಯ ಅಂಚಿನವನ ಬೆನ್ನು ಬಯಲಾಗುತ್ತಿತ್ತು. ನಾನು ಮೂರನೆಯವನು, ಅಂಚೇ ನನ್ನ ಪಾಲು. ಒಂದು ಚಳಿಗಾಲದಲ್ಲಿ ನನಗೆ ಉಪಾಯ ಹೊಳೆಯಿತು. ಸಂಜೆ ಸಿಕ್ಕ ಹುರಿದ ಶೇಂಗಾವನ್ನು ತಿನ್ನದೆ ಚಡ್ಡಿಯ ಜೇಬಿನಲ್ಲಿಟ್ಟುಕೊಂಡು, ಮಲಗುವ ಹೊತ್ತಿಗೆ ಅಣ್ಣನ ಮುಂದೆ ಒಂದೊಂದೇ ಸುಲಿಯುವುದು. ಎಂಟನೇ ಕಾಳಿಗೆ ಅಣ್ಣ ನಡುವಿನ ಜಾಗ ಬಿಟ್ಟುಕೊಟ್ಟ. ಸಂಜೆ ಕೇಳಿದ್ದರೆ ಅವನು ಇಪ್ಪತ್ತು ಕಾಳು ಕೇಳುತ್ತಿದ್ದ. ಆಗ ಅವನ ಜೇಬೂ ತುಂಬಿರುತ್ತಿತ್ತು. ಸರಕು ಅದೇ, ಹೊತ್ತು ಬೇರೆ. ನಾನು ಕಲಿತ ವ್ಯಾಪಾರವೆಲ್ಲ ಇಷ್ಟೇ. ಉಳಿದದ್ದು ಬಸ್ ಪ್ರಯಾಣ.

ಅಪ್ಪ ತೀರಿಕೊಂಡ ಮೇಲೆ ಹೊಸಹಳ್ಳಿ ಕಡೆಯ ನೇಕಾರರಿಂದ ಕಂಬಳಿ ತಂದು ಹೆಗಲ ಮೇಲೆ ಹೊತ್ತು ಮಾರಲು ಶುರುಮಾಡಿದೆ. ಕುರಿಯ ಉಣ್ಣೆ, ಹುಣಸೆಬೀಜದ ಗಂಜಿ ಕೊಟ್ಟು ಬಿಗಿ ಮಾಡಿದ್ದು. ಹೊಸದರಲ್ಲಿ ಹಲಗೆಯಂತೆ ನಿಲ್ಲುತ್ತದೆ, ಮೈಗೆ ಚುಚ್ಚುತ್ತದೆ, ಎರಡು ಚಳಿಗಾಲ ಕಳೆದರೆ ಹೆಂಡತಿಯಷ್ಟು ಹೊಂದಿಕೊಳ್ಳುತ್ತದೆ. ಈ ಮಾತನ್ನು ಸಂತೆಯಲ್ಲಿ ಹೇಳಿ ಬಹಳ ಕಂಬಳಿ ಮಾರಿದ್ದೇನೆ. ಮನೆಯಲ್ಲಿ ಒಮ್ಮೆ ಹೇಳಿ ಒಂದು ಹೊತ್ತಿನ ಊಟ ಕಳೆದುಕೊಂಡಿದ್ದೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂರೇ ನನ್ನ ದೇಶ. ಇದರಾಚೆ ಸೂರ್ಯ ಹುಟ್ಟುತ್ತಾನೆಂದು ಕೇಳಿದ್ದೆ, ನೋಡಿರಲಿಲ್ಲ. ಯಾವ ಊರಿಗೆ ಎಷ್ಟು ಕಂಬಳಿ ಹೊರಬೇಕು ಎಂದು ತಿಳಿಯಲು ಪ್ರತಿ ಊರಿನಲ್ಲಿ ಒಬ್ಬೊಬ್ಬರನ್ನು ಗೊತ್ತುಮಾಡಿ, ಕೂರಲು ಒಂದು ಕಂಬಳಿ ತುಂಡು ಕೊಟ್ಟು, ಚಳಿಗಾಲದಲ್ಲಿ ವಾರಕ್ಕೊಂದು ಕಾರ್ಡು ಬರೆಯಲು ಒಪ್ಪಿಸಿದ್ದೆ. ಆಗ ಕಾರ್ಡಿಗೆ ಹದಿನೈದು ಪೈಸೆ. ಅವರು ಬರೆದದ್ದನ್ನು ನಾನು ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಐದು ಕಂಬ ಎಳೆದು ದಿನದಿನಕ್ಕೆ ತುಂಬುತ್ತಿದ್ದೆ. ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ ಒಂದೊಂದು ಊರಿಗೆ ಒಂದೊಂದು ಸಾಲಿನ ಸಾರಾಂಶ. ಮನೆಯವರು ಅದನ್ನು "ಚಳಿ ಪಟ್ಟಿ" ಎನ್ನುತ್ತಿದ್ದರು.

ಸರ್ಕಾರದವರು ಹೇಗೆ ಅಳೆಯುತ್ತಾರೋ ಗೊತ್ತಿಲ್ಲ. ನನ್ನವರು ತಮ್ಮ ತಮ್ಮ ಕಸುಬಿನಲ್ಲೇ ಅಳೆಯುತ್ತಿದ್ದರು. ಕೂಡ್ಲಿಗಿಯಲ್ಲಿ ಹೋಟೆಲಿನ ವೀರಭದ್ರಪ್ಪ. ಅವನಿಗೆ ಚಳಿ ಎಂದರೆ ಇಡ್ಲಿ ಹಿಟ್ಟು. "ಸೋಮವಾರ ಉಬ್ಬಿತು. ಮಂಗಳವಾರ ಅರ್ಧ ಉಬ್ಬಿತು. ಬುಧವಾರ ಉಬ್ಬಲಿಲ್ಲ, ಮಂದಿ ಬೈದರು, ಮಂಡಕ್ಕಿ ಕೊಟ್ಟೆ" ಎಂದು ಬರೆಯುತ್ತಿದ್ದ. ಹರಪನಹಳ್ಳಿಯಲ್ಲಿ ಲಾರಿ ಮೆಕ್ಯಾನಿಕ್ ಇಮಾಮ್ ಸಾಬ್. ಬೆಳಿಗ್ಗೆ ಹಳೇ ಲಾರಿಯ ಮೂತಿಗೆ ಹ್ಯಾಂಡಲ್ ಹಾಕಿ ಎಷ್ಟು ಸುತ್ತು ತಿರುಗಿಸಿದರೆ ಎಂಜಿನ್ ಎದ್ದಿತು ಎನ್ನುವುದೇ ಅವನ ಅಳತೆ. "ಇವತ್ತು ಹ್ಯಾಂಡಲ್ ಒಂಬತ್ತು. ಒಂಬತ್ತನೇದಕ್ಕೆ ಡ್ರೈವರ್‌ನ ಬೈದೆ, ಸ್ಟಾರ್ಟ್ ಆತು." ಬೈದದ್ದನ್ನು ಚಳಿಯಲ್ಲಿ ಸೇರಿಸಬೇಕೋ ಕಳೆಯಬೇಕೋ ಎಂದು ನಾನು ಬಹಳ ಹೊತ್ತು ಯೋಚಿಸಿದ್ದುಂಟು.

ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಹೆಡ್‌ಮಾಸ್ತರರು. ಅವರ ಕಾರ್ಡು ಅಚ್ಚ ಪುಸ್ತಕದ ಭಾಷೆ. "ಇಂದು ಪ್ರಾರ್ಥನೆಯ ವೇಳೆ ಬಾಲಕರು ಸೀಮೆಸುಣ್ಣವನ್ನು ತುಟಿಗಿಟ್ಟು ಬಾಯಿಂದ ಹೊಗೆ ಬಿಡುತ್ತ ಬೀಡಿ ಸೇದುವ ಆಟವಾಡಿದರು. ಆದುದರಿಂದ ಚಳಿಯು ಇರುತ್ತದೆ. ಹನ್ನೊಂದು ಮಂದಿ ಬಾಲಕರನ್ನು ಶಿಕ್ಷಿಸಲಾಯಿತು." ಕೊಟ್ಟೂರಿನದು ನಮ್ಮ ಅವ್ವನದು. ಅವಳಿಗೆ ಬರಹ ಬರದು, ಬಾಯಲ್ಲೇ ಹೇಳುತ್ತಿದ್ದಳು. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಗಟ್ಟಿ ಮೊಸರಾದರೆ ಚಳಿ ಇಲ್ಲ, ನೀರುನೀರಾದರೆ ಇದೆ. ಇನ್ನು ಹಡಗಲಿಯದು ನನ್ನ ಅತ್ತೆ ನೀಲಮ್ಮನವರದು. ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಅಂಕಿಗಳನ್ನು ಒಳ್ಳೇ ಬದನೆಕಾಯಿಯಷ್ಟು ದಪ್ಪಗೆ ಬರೆಯುತ್ತಿದ್ದರು. ಹಿತ್ತಲಲ್ಲಿ ಮಲ್ಲಿಗೆ ಹಂಬುಗಳಿದ್ದವು. ಚಳಿ ಹೆಚ್ಚಿದಷ್ಟೂ ಮೊಗ್ಗು ಕಡಿಮೆ. ಅವರು ಮೊಗ್ಗು ಎಣಿಸಿ ಕಳಿಸುತ್ತಿದ್ದರು.

ನೀವು ನಗಬಹುದು. ಆದರೆ ಹಿಟ್ಟು, ಹ್ಯಾಂಡಲ್, ಸೀಮೆಸುಣ್ಣ, ಮೊಸರು, ಮೊಗ್ಗು ಐದನ್ನೂ ಕೂಡಿಸಿ ನಾನು ಬರೆದ ಸಾರಾಂಶ ನಾಲ್ಕು ವರ್ಷ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಹೊತ್ತ ಕಂಬಳಿ ಹೊತ್ತಂತೆ ವಾಪಸು ಬಂದದ್ದಿಲ್ಲ. ಚಳಿ ಹೆಚ್ಚಲಿ ಎಂದು ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವವನು ಊರಿಗೆಲ್ಲ ನಾನೊಬ್ಬನೇ ಇದ್ದೆ.

ಐದನೇ ವರ್ಷ ಕೈಮುಗಿದದ್ದು ಬೇರೆ ಕಾರಣಕ್ಕೆ.

ನನ್ನ ಹೆಂಡತಿ ಗಿರಿಜಾ ಮೊದಲ ಹೆರಿಗೆಗೆ ಪದ್ಧತಿಯಂತೆ ತವರಾದ ಹಡಗಲಿಗೆ ಹೋಗಿದ್ದಳು. ದೀಪಾವಳಿ ಕಳೆದು ಹದಿನೈದು ದಿನಕ್ಕೆ, ದಿನ ತುಂಬುವ ಮೊದಲೇ, ಹೆಣ್ಣು ಕೂಸು ಹುಟ್ಟಿತು. ನಾನು ಹೋಗಿ ನೋಡಿದೆ. ನನ್ನ ಎರಡು ಅಂಗೈ ಕೂಡಿಸಿದರೆ ಅದಕ್ಕೆ ಹಾಸಿಗೆಯಾಗಿ ಇನ್ನೂ ಜಾಗ ಉಳಿಯುತ್ತಿತ್ತು. ಆಸ್ಪತ್ರೆಯ ಡಾಕ್ಟರಮ್ಮ ನಿಧಾನಕ್ಕೆ ಹೇಳಿದರು: "ಹಾಲು ಕುಡಿತೈತಿ, ಅದು ದೊಡ್ಡದು. ಆದ್ರ ಮೈಯಾಗ ಇನ್ನೂ ಕಸುವಿಲ್ಲ. ಬೆಚ್ಚಗ ಇಡ್ರಿ. ಈ ಚಳಿ ಒಂದು ದಾಟಿಸಿದ್ರ ಕೂಸು ನಿಮ್ದು."

ದಾಟಿಸದಿದ್ದರೆ ಎಂದು ನಾನು ಕೇಳಲಿಲ್ಲ. ಬೆಲೆ ಕೇಳದೆ ನಾನು ಎದ್ದು ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ.

ತೊಟ್ಟಿಲಿಗೆ ಹಾಕಿ ಸುಮಂಗಲಾ ಎಂದು ಹೆಸರಿಟ್ಟ ದಿನ ಜಗಳ ಹತ್ತಿತು. ನಮ್ಮಲ್ಲಿ ಬೀಗತಿಯರು ಎದುರಾಎದುರು ಜಗಳ ಆಡುವುದಿಲ್ಲ. ಮರ್ಯಾದೆಯಿಂದ, ಎಲೆ ಅಡಿಕೆ ತಟ್ಟೆಯನ್ನು ಒಬ್ಬರ ಕಡೆಗೊಬ್ಬರು ಸರಿಸುತ್ತ, ನನ್ನ ಮುಖ ನೋಡಿ ಆಡುತ್ತಾರೆ.

ಅವ್ವ ಶುರುಮಾಡಿದಳು. "ಕೂಸಿನ್ನ ಕೊಟ್ಟೂರಿಗೆ ಒಯ್ದ್ರ ಚಲೋ ಅನಸ್ತೈತಿ. ಇಲ್ಲಿ ಹೊಳಿ ಗಾಳಿ. ಗಾಳಿಗೇನು ಬೀಗರ ಮನಿ, ಬ್ಯಾರೆ ಮನಿ ಅಂತ ಗೊತ್ತಾಗ್ತೈತೇನು?"

ಅತ್ತೆ ತಟ್ಟೆಯನ್ನು ಈಚೆ ಸರಿಸಿದರು. "ಹೊಳಿ ಮೈಲಿಗಟ್ಟಲೆ ಆಚಿಗೈತಿ. ನಿಮ್ಮ ಮನಿ ಕಲ್ಲಿನ ಗ್ವಾಡಿ ಬೀಗತೇರ. ಕಲ್ಲು ಚಳಿ ಕುಡೀತೈತಿ, ಬೆಳತನಕ ಕಾರತೈತಿ. ನಮ್ದು ಮಣ್ಣಿನ ಗ್ವಾಡಿ, ತಾಯಿ ಹೊಟ್ಟಿ ಇದ್ದಂಗ."

"ಅದೇ ಕಲ್ಲಿನ ಮನ್ಯಾಗ ನಾಕು ಮಕ್ಕಳ ಸಾಕೀನಿ."

"ಸಾಕೀರಿ, ಯಾರಿಲ್ಲ ಅಂದ್ರು? ಅಳಿಯಂದ್ರು ಇನ್ನೂ ಒಂದೊಂದು ಸಲ ನಡಗತಾರ, ಅಷ್ಟೇ."

ಇಬ್ಬರ ಕಣ್ಣೂ ನನ್ನ ಮೇಲೆ ಬಂತು. ನಾನು ನಡುಗುತ್ತಿದ್ದದ್ದು ಚಳಿಗಲ್ಲ. ಆದರೂ ಐದೂರಿನ ಸಂತೆಗಳಲ್ಲಿ ಹೆಸರು ಮಾಡಿದ ಚೌಕಾಸಿಗಾರ. ಎರಡು ಕಡೆಯವರೂ ಒಪ್ಪುವ ಮಾತೊಂದನ್ನು ಎತ್ತಿದೆ. "ಜಗಳ ಯಾಕ? ಅಳೆಯೋಣ. ಇವತ್ತಿಂದ ಒಂದು ತಿಂಗಳು ಎರಡೂ ಊರಿನ ಚಳಿ ಬರದು ಇಡೋಣ. ಮಿಷಿನ್ ತರ್ತೀನಿ. ತಿಂಗಳ ಸಾರಾಂಶದಾಗ ಯಾವ ಊರು ಬೆಚ್ಚಗೈತೋ ಕೂಸು ಅಲ್ಲಿ. ಕೊಟ್ಟೂರು ಗೆದ್ರ ಇಮಾಮ್ ಸಾಬಂಗೆ ಹೇಳಿ ಮುಚ್ಚಿದ ಕಾರು ತರಸ್ತೀನಿ."

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಅಳೀರಿ" ಎಂದರು. "ಚಂದಾಗಿ ಅಳೀರಿ. ಒಂದು ತಿಂಗಳು ಯಾಕ, ಬೇಕಾದ್ರ ನಲವತ್ತು ದಿನ ಅಳೀರಿ."

ಅವ್ವನಿಗೆ ಮಗನ ಬುದ್ಧಿಯ ಮೇಲೆ ಹೆಮ್ಮೆ, ಅವಳೂ ಒಪ್ಪಿದಳು. ಎಷ್ಟು ಸುಲಭವಾಗಿ ಗೆದ್ದೆನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಳಗೊಳಗೇ ನಕ್ಕೆ. ಮೂರನೇ ದಿನ ದಾವಣಗೆರೆಗೆ ಹೋಗಿ ಆ ಹಲಗೆ ಕೊಂಡು ತಂದು, ಹಡಗಲಿಯ ಮನೆಯ ಪಡಸಾಲೆಯಲ್ಲಿ, ಬಿಸಿಲು ಬೀಳದ ಕಡೆ ನಾನೇ ಮೊಳೆ ಹೊಡೆದು ನೇತುಹಾಕಿದೆ. ಕೊಟ್ಟೂರಿಗೆ ಎರಡನೆಯದು ಕೊಳ್ಳಬೇಕಿತ್ತು. ಕೊಳ್ಳಲಿಲ್ಲ. ಅವ್ವನ ಮೊಸರು ನಾಲ್ಕು ವರ್ಷ ಸುಳ್ಳು ಹೇಳಿರಲಿಲ್ಲ. ಪುಕ್ಕಟೆ ಸಿಗುವುದಕ್ಕೆ ಒಂಬತ್ತು ರೂಪಾಯಿ ಯಾಕೆ?

ಕಾರ್ಡುಗಳು ಬರತೊಡಗಿದವು. ಮೊದಲ ವಾರವೇ ಹಡಗಲಿಯಿಂದ ಬದನೆಕಾಯಿ ಅಂಕಿಗಳು: "ಎಂಬತ್ತೆರಡು. ಎಂಬತ್ತಮೂರು. ಎಂಬತ್ತೆರಡು. ಕೂಸು ಆರಾಮ ಐತಿ. ಚಳಿ ಇಲ್ಲ." ನನಗೆ ಸಂತೋಷ. ಇತ್ತ ಅವ್ವ ಬೆಳಿಗ್ಗೆ ಬೆಳಿಗ್ಗೆ ಪಾತ್ರೆಯನ್ನು ಮೂಗಿಗೆ ಹಿಡಿಯುತ್ತಿದ್ದಳು. "ನೋಡು, ಚಾಕು ಹಾಕಿ ಕೊಯ್ಬೇಕು, ಹಂಗೈತಿ ಮೊಸರು. ಬರ್ಕೋ. ಕೊಟ್ಟೂರಾಗ ಚಳಿ ಇಲ್ಲ." ಬರೆದುಕೊಂಡೆ.

ಎರಡನೇ ವಾರ ಕೂಡ್ಲಿಗಿಯ ಹಿಟ್ಟು ನಾಲ್ಕು ದಿನ ಉಬ್ಬಲಿಲ್ಲ. ಹರಪನಹಳ್ಳಿಯಲ್ಲಿ ಹ್ಯಾಂಡಲ್ ಹನ್ನೆರಡಕ್ಕೆ ಏರಿತು. "ಈಗ ಬೈದ್ರೂ ಕೇಳಾಕಿಲ್ಲ, ಕೊಟ್ರಣ್ಣ" ಎಂದು ಇಮಾಮ್ ಸಾಬ್ ಬರೆದಿದ್ದ. ಹಗರಿಬೊಮ್ಮನಹಳ್ಳಿಯಲ್ಲಿ ಹೆಡ್‌ಮಾಸ್ತರರು ಇಡೀ ಶಾಲೆಯನ್ನು ಶಿಕ್ಷಿಸಿದ್ದರು. ಅದೇ ವಾರ ಹಡಗಲಿ ಎಂಬತ್ತಮೂರು. ಕೊಟ್ಟೂರು ಗಟ್ಟಿ ಮೊಸರು.

ನಾನು ನೋಟ್‌ಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದೆ. ಸುತ್ತಲಿನ ಮೂರು ಊರು ಗಡಗಡ ನಡುಗುತ್ತಿವೆ. ನಡುವಿನ ಕೊಟ್ಟೂರಿಗೂ ಆಚೆಯ ಹಡಗಲಿಗೂ ಆ ವರ್ಷ ಚಳಿಗಾಲವೇ ಬಂದಿಲ್ಲ. ಕೊಟ್ಟೂರಿನಲ್ಲೇ ಕೂತು, ಕಿವಿಗೆ ಮಫ್ಲರ್ ಸುತ್ತಿಕೊಂಡು, "ಕೊಟ್ಟೂರು: ಚಳಿ ಇಲ್ಲ" ಎಂದು ಬರೆಯುತ್ತಿದ್ದೇನೆ ಎನ್ನುವುದು ನನ್ನ ಗಮನಕ್ಕೆ ಬರಲಿಲ್ಲ ನೋಡಿ! ಬೇಕಾದ ಮಾತು ಕಾಗದದ ಮೇಲೆ ಕೂತರೆ ಮನುಷ್ಯನಿಗೆ ತನ್ನ ಕಿವಿಯ ಚಳಿಯೂ ತಿಳಿಯುವುದಿಲ್ಲ.

ಕಣ್ಣು ತೆರೆಸಿದ್ದು ಸಂತೆ. ಆ ವಾರ ಕೊಟ್ಟೂರು ಸಂತೆಗೆ ಕಂಬಳಿ ಹರವಿ ಕೂತೆ. ಒಬ್ಬ ರೈತ ಬಂದ, ಬೆಲೆ ಕೇಳಿದ, ಕೊಟ್ಟ, ಹೊದ್ದುಕೊಂಡೇ ಹೋದ. ನಾನು ಮೂವತ್ತು ಎಂದರೆ ಹದಿನೈದು ಎನ್ನಬೇಕಾದ ಮನುಷ್ಯ! ಹಿಂದೆಯೇ ಇನ್ನೊಬ್ಬ, ಅವನೂ ಹಾಗೇ. ಮೂರನೆಯವಳು ಒಬ್ಬ ಮುದುಕಿ. ವರ್ಷವರ್ಷ ಅರ್ಧ ತಾಸು ನನ್ನ ಜೊತೆ ಜಗ್ಗಾಡಿ, ನನ್ನ ವಂಶವನ್ನೆಲ್ಲ ಜಾಲಾಡಿ, ಕೊನೆಗೆ ಕೊಳ್ಳದೇ ಹೋಗುವವಳು.

"ಯಾಕಜ್ಜಿ, ಚೌಕಾಸಿ ಮಾಡವಲ್ಲಿ?" ಎಂದೆ.

"ಬಾಯಿ ತೆಗದ್ರ ಚಳಿ ಒಳಗ ಹೊಕ್ಕತೈತಿ ಲೇ. ಕೊಡು ಸುಮ್ನ."

ಮಧ್ಯಾಹ್ನದೊಳಗೆ ಎಲ್ಲ ಕಂಬಳಿ ಹೋಯಿತು. ಅಂಥ ವ್ಯಾಪಾರ ಅಲ್ಲಿಯವರೆಗೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಖಾಲಿ ಗೋಣಿತಟ್ಟಿನ ಮೇಲೆ ಕೂತು ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ನಮ್ಮ ಸೀಮೆಯ ಮಂದಿ ಚೌಕಾಸಿ ಬಿಟ್ಟಿದ್ದಾರೆ ಎಂದರೆ ಇದು ಸಣ್ಣ ಚಳಿಯಲ್ಲ. ಹಾಗಾದರೆ ಹಡಗಲಿಯ ಎಂಬತ್ತಮೂರು? ನನ್ನನ್ನು ಸಮಾಧಾನ ಮಾಡಲು ಬರೆಯುತ್ತಿದ್ದಾರೆಯೇ? ಕೂಸು ನಿಜಕ್ಕೂ ಆರಾಮವಿದೆಯೇ?

ಮರುದಿನ ಬೆಳಗಿನ ಮೊದಲ ಬಸ್ಸು ಹಿಡಿದೆ. ಹಗರಿಬೊಮ್ಮನಹಳ್ಳಿ ದಾಟುವಾಗ ಕಿಟಕಿಯಾಚೆ ಬಿಳಿ ಮಂಜು. ಜೋಳದ ಹೊಲಗಳು ಎಲ್ಲಿ ಮುಗಿಯುತ್ತವೆ, ಆಕಾಶ ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ಕಂಡಕ್ಟರ್ ಟಿಕೆಟ್ ಹರಿಯಲು ಬೆರಳು ಬಾಯಿಗೆ ಹಿಡಿದು ಊದಿಕೊಳ್ಳುತ್ತಿದ್ದ. ಅಷ್ಟು ವರ್ಷ ಚಳಿ ಕೊಡು ಎಂದು ಬೇಡಿದ ದೇವರಿಗೆ, ಕೊಟ್ಟದ್ದು ಸಾಕು, ವಾಪಸು ತಗೋ ಎಂದು ಬೇಡಿಕೊಂಡೆ. ಮಾರಿದ ಮಾಲು ವಾಪಸಿಲ್ಲ ಎಂದು ನನ್ನ ಗಿರಾಕಿಗಳಿಗೆ ನಾನೇ ಹೇಳುತ್ತಿದ್ದೆನಲ್ಲ, ಅದು ನೆನಪಾಯಿತು.

ಹಡಗಲಿಯ ಮನೆ ಮುಟ್ಟಿದೆ. ಪಡಸಾಲೆಯಲ್ಲಿ ಮೊಳೆ ಇತ್ತು, ಹಲಗೆ ಇರಲಿಲ್ಲ.

"ಅತ್ತಿಯವ್ರ, ಮಿಷಿನ್ ಎಲ್ಲೈತ್ರಿ?" ನನ್ನ ದನಿ ನನಗೇ ಜೋರಾಯಿತು.

ನೀಲಮ್ಮನವರು ಒಳಗಿಂದ ಬಂದರು. ಕೈಗೆಲ್ಲ ಬೂದಿ. "ಅಳಿಯಂದ್ರ, ಬರ್ರಿ. ಮೊದಲು ಕಾಲು ತೊಳೀರಿ."

"ಕೂಸು ಹೆಂಗೈತಿ?"

"ಕಾಲು ತೊಳೀರಿ ಅಂದೆ. ಆಮ್ಯಾಲೆ ಒಲಿ ಮುಂದ ಕುಂತು ಕೈ ಕಾಸ್ಕೊಳ್ರಿ. ಬಸ್ಸಿನ್ಯಾಗಿನ ಚಳಿ ಅಷ್ಟೂ ಕೈಯಾಗ ಹಿಡ್ಕೊಂಡು ಬಂದೀರಿ. ಅದನ್ನ ಕೂಸಿಗೆ ಕೊಡಾಕ ಬಂದೀರೇನು?"

ಕಾಲು ತೊಳೆದೆ. ಕೈ ಕಾಸಿಕೊಂಡೆ. ಅತ್ತೆ ನನ್ನ ಅಂಗೈಯನ್ನು ಮುಟ್ಟಿ ನೋಡಿ "ಇನ್ನೊಂದೀಟು" ಎಂದರು. ಮತ್ತೆ ಕಾಸಿಕೊಂಡೆ. ಆಮೇಲೆ ಬಾಣಂತಿ ಕೋಣೆಯ ಬಾಗಿಲಿಗೆ ಇಳಿಬಿಟ್ಟ ಕಂಬಳಿಯನ್ನು ಎತ್ತಿ ಹಿಡಿದರು. ನನ್ನದೇ ಕಂಬಳಿ, ಮದುವೆಯಲ್ಲಿ ಕೊಟ್ಟದ್ದು.

ತಲೆ ಬಗ್ಗಿಸಿ ಒಳಗೆ ಹೋದೆ. ಮಣ್ಣಿನ ಗೋಡೆ, ತಗ್ಗು ಮಾಡು. ಮೂಲೆಯ ಕಬ್ಬಿಣದ ಬುಟ್ಟಿಯಲ್ಲಿ ಸಗಣಿ ಕುಳ್ಳಿನ ಕೆಂಡ, ಮೇಲೆ ಬೂದಿ ಮುಚ್ಚಿ ಮಂದ ಮಾಡಿದ್ದು. ಓಮಿನ, ಬೆಳ್ಳುಳ್ಳಿ ಸಿಪ್ಪೆಯ ವಾಸನೆ. ಮೇಲಿನ ಗವಾಕ್ಷಿಯನ್ನು ನಾಲ್ಕು ಬೆರಳು ತೆರೆದಿಟ್ಟಿದ್ದರು, ಹೊಗೆ ನಿಲ್ಲಬಾರದೆಂದು. ಗಿರಿಜಾ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತು ನಗುತ್ತಿದ್ದಳು. ಪಕ್ಕದಲ್ಲಿ ತೊಟ್ಟಿಲು. ತೊಟ್ಟಿಲಿನ ಹಗ್ಗಕ್ಕೆ, ಸರಿಯಾಗಿ ಕೂಸಿನ ಮಟ್ಟಕ್ಕೆ, ಸೀಳು ಹಲಗೆ ಕಟ್ಟಿತ್ತು. ಎಂಬತ್ತೆರಡು.

"ಇದನ್ನ ಪಡಸಾಲ್ಯಾಗ ಹಾಕಿದ್ನಲ್ರಿ" ಎಂದೆ. "ಊರಿನ ಚಳಿ ಅಳಿಯಾಕ."

"ಊರು ಪಡಸಾಲ್ಯಾಗ ಮಕ್ಕೊಳ್ಳಿ. ಕೂಸು ಮಕ್ಕೊಳ್ಳೋದು ಇಲ್ಲಿ" ಎಂದರು ಅತ್ತೆ. "ನೀವು ಹೋದ ದಿನಾನೇ ಒಳಗ ತಂದೆ. ಎಂಬತ್ತಕ್ಕ ಇಳೀತು ಅಂದ್ರ ಒಂದು ಕುಳ್ಳು ಹಾಕ್ತೀನಿ. ಎಂಬತ್ತೈದಕ್ಕ ಏರ್ತು ಅಂದ್ರ ಬೂದಿ ಮುಚ್ಚತೀನಿ. ಮೊದಲು ಅಂದಾಜಿನ ಮ್ಯಾಲೆ ಮಾಡ್ತಿದ್ವಿ, ಈಗ ಇದು ಹೇಳ್ತೈತಿ. ಚಲೋ ಸಾಮಾನು ತಂದೀರಿ. ಎಷ್ಟು ಕೊಟ್ರಿ?"

"ಒಂಬತ್ತು."

"ಹಲಗಿ ಸೀಳೈತಲ್ಲ, ಆರಕ್ಕ ಬರ್ತಿತ್ತು."

ನಾನು ತೊಟ್ಟಿಲೊಳಗೆ ನೋಡಿದೆ. ಸುಮಂಗಲಾ ಮುಷ್ಟಿ ಬಿಗಿಹಿಡಿದು ಮಲಗಿದ್ದಳು. ಗಲ್ಲಕ್ಕೆ ಸ್ವಲ್ಪ ತುಂಬಿಕೆ ಬಂದಿತ್ತು. ಕಾಸಿದ ಕೈಯಿಂದ ಅಂಗಾಲು ಮುಟ್ಟಿದೆ. ಜೇಬಿನಿಂದ ಆಗಷ್ಟೇ ತೆಗೆದ ಶೇಂಗಾ ಕಾಳಿನಷ್ಟು ಬೆಚ್ಚಗಿತ್ತು. ಅವಳು ನನ್ನನ್ನು ಸಣ್ಣಗೆ ಒದ್ದಳು. ನಾನು ಮುಖ ತಿರುಗಿಸಿ ಹಲಗೆಯ ಅಂಕಿ ಓದುವವನಂತೆ ನಿಂತೆ. ಹೊಗೆಗೆ ಕಣ್ಣು ಉರಿಯಿತು ಎಂದು ಗಿರಿಜಾಗೆ ಹೇಳಿದೆ. ಅವಳು ತೆರೆದ ಗವಾಕ್ಷಿಯತ್ತ ನೋಡಿದಳು.

ಹೊರಗೆ ಬಂದು ಕೇಳಿದೆ. "ಹಂಗಾದ್ರ ನನ್ನ ಪಟ್ಟಿ?"

"ಪಟ್ಟಿ ನಿಮಗ ಇರ್ಲಿ ಅಳಿಯಂದ್ರ, ಕೂಸು ನನಗ ಇರ್ಲಿ." ಅತ್ತೆ ಚಹಾದ ಲೋಟ ಕೊಟ್ಟರು. "ನೀವೇ ಅಲ್ಲೇನು ಹೇಳಿದ್ದು, ತಿಂಗಳು ಅಳಿಯೋಣ, ಆಮ್ಯಾಲೆ ಎಲ್ಲಿ ಇಡಬೇಕು ನೋಡೋಣ ಅಂತ? ತಿಂಗಳು ಕಳದ ಮ್ಯಾಲೆ ಚಳಿ ಎಲ್ಲಿ ಉಳೀತೈತಿ?"

ಲೋಟ ನನ್ನ ಕೈಯಲ್ಲೇ ನಿಂತಿತು. ಬೀಗತಿಯರ ಜಗಳ ಇದ್ದದ್ದು ಯಾವುದಕ್ಕೆ? ಚಳಿಯ ತಿಂಗಳಲ್ಲಿ ಕೂಸು ಎಲ್ಲಿರಬೇಕು ಎನ್ನುವುದಕ್ಕೆ. ಆ ತಿಂಗಳನ್ನೇ ನಾನು ಅಳೆಯುವುದಕ್ಕೆಂದು ಅವರಿಗೆ ಬರೆದುಕೊಟ್ಟಿದ್ದೆ. ಅದೂ ನನ್ನ ಕೈಯಾರೆ, ಮೇಲೆ ಮಿಷಿನ್ನು ಕೊಸರು! "ನಲವತ್ತು ದಿನ ಅಳೀರಿ" ಎಂದದ್ದು ಯಾಕೆಂದು ಆಗ ಹೊಳೆಯಿತು. ಐದೂರಿನ ಸಂತೆಯಲ್ಲಿ ಯಾರಿಗೂ ಸೋಲದವನನ್ನು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಒಬ್ಬ ಹೆಂಗಸು ಒಂದೇ ಮಾತಿಗೆ ಕೊಂಡುಬಿಟ್ಟಿದ್ದರು. ನನಗೆ ಸಿಟ್ಟು ಬರಬೇಕಿತ್ತು. ಚಹಾ ಬಹಳ ರುಚಿಯಾಗಿತ್ತು ಎಂದಷ್ಟೇ ನೆನಪು.

ಊರಿಗೆ ಬಂದವನು ನೇರ ಅಡುಗೆಮನೆಗೆ ಹೋದೆ. ಅವ್ವನ ಹೆಪ್ಪಿನ ಪಾತ್ರೆ ಅದರ ಮಾಮೂಲಿ ಗೂಡಿನಲ್ಲಿರಲಿಲ್ಲ. ಒಲೆಯ ಮಗ್ಗುಲಲ್ಲಿ, ಕಂಬಳಿಯ ತುಂಡಿನಲ್ಲಿ ಸುತ್ತಿಸಿಕೊಂಡು, ಮದುಮಗಳಂತೆ ಕೂತಿತ್ತು.

"ಅವ್ವಾ! ಮೊಸರಿಗೆ ಕಂಬಳಿ ಹೊದಿಸೀಯಲ್ಲ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊದಿಸೀನಿ. ಏನೀಗ? ಮೊಸರು ಗಟ್ಟಿಯಾದ್ರ ಮೊಮ್ಮಗಳು ಬರ್ತಾಳ ಅಂತ ನೀನೇ ಹೇಳಿದ್ದಿ. ಬರೋದು ನನ್ನ ಮೊಮ್ಮಗಳು ಲೇ. ಮೊಸರಿಗಲ್ಲ, ಊರಿಗೇ ಹೊದಿಸ್ತಿದ್ದೆ, ನಿನ್ನ ಹತ್ರ ಅಷ್ಟು ದೊಡ್ಡ ಕಂಬಳಿ ಇದ್ದಿದ್ರ."

ನಾನು ಹಡಗಲಿಯ ಕೋಣೆಯನ್ನು ವರ್ಣಿಸಿದೆ. ತೊಟ್ಟಿಲು, ಕೆಂಡದ ಬುಟ್ಟಿ, ನಾಲ್ಕು ಬೆರಳಿನ ಗವಾಕ್ಷಿ. ಅಂಗಾಲು ಬೆಚ್ಚಗಿತ್ತು ಎಂದೆ. ಅವ್ವ ಒಲೆಯ ಮುಂದೆ ಕೂತು ಕೆಂಡ ಕೆದಕಿದಳು. ಆಮೇಲೆ, "ರಾತ್ರಿ ಕೆಂಡ ನೋಡೋರು ಯಾರು?" ಎಂದಳು.

"ಅತ್ತಿಯವ್ರೇ."

"ಒಬ್ಬಾಕಿನಾ? ತಿಂಗಳಪೂರ್ತಿ? ಕಣ್ಣು ಮುಚ್ಚದಂಗ?"

ನಮ್ಮಲ್ಲಿ ಗಂಡಿನ ತಾಯಿ ಬೀಗರ ಮನೆಗೆ ಹೋದರೆ ಉಂಡು, ಕುಂಕುಮ ಹಚ್ಚಿಸಿಕೊಂಡು, ಹೊತ್ತು ಮುಳುಗುವುದರೊಳಗೆ ಹೊರಡಬೇಕು. ಉಳಿದರೆ ಮಂದಿ ಆಡಿಕೊಳ್ಳುತ್ತಾರೆ. ಮರುದಿನ ಅವ್ವ ಎರಡು ಸೀರೆ ಗಂಟು ಕಟ್ಟಿ, ಗಟ್ಟಿ ಮೊಸರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹಡಗಲಿ ಬಸ್ಸು ಹತ್ತಿದಳು. ಬಾಗಿಲಲ್ಲಿ ನೀಲಮ್ಮನವರು ಬೆರಗಾಗಿ ನಿಂತರಂತೆ. ಅವ್ವ ಹೇಳಿದ್ದು ಇಷ್ಟೇ: "ಬೀಗತೇರ, ಮೊದಲ ಪಾಳಿ ನಿಮ್ದು. ನಡುರಾತ್ರಿಯಿಂದ ನನ್ದು. ಕಾಲು ತೊಳ್ಕೊಂಡೀನಿ, ಕೈ ಎಲ್ಲಿ ಕಾಸ್ಕೊಳ್ಳಿ?"

ಹದಿನೆಂಟು ದಿನ ಉಳಿದಳು. ಕೊಟ್ಟೂರಿನಲ್ಲಿ ನಾನೊಬ್ಬನೇ ಮಂಡಕ್ಕಿ ತಿಂದುಕೊಂಡು ಕೂತೆ. ಆಮೇಲಿನ ಕಾರ್ಡುಗಳಲ್ಲಿ ಬದನೆಕಾಯಿ ಅಂಕಿಗಳ ಕೆಳಗೆ ಹೊಸ ಸಾಲುಗಳು ಬರತೊಡಗಿದವು. "ಎಂಬತ್ತೆರಡು. ನಿಮ್ಮ ಅವ್ವ ಕುಳ್ಳು ಜಾಸ್ತಿ ಹಾಕ್ತಾರ, ಹೇಳ್ರಿ." ಅದರ ಮುಂದಿನ ವಾರ: "ಎಂಬತ್ತಮೂರು. ಬೀಗತೇರು ನನಗ ಮಂಚ ಬಿಟ್ಟುಕೊಟ್ಟಾರ ಅಂತ ಬರಿ ಅಂತ ನಿಮ್ಮ ಅವ್ವ ಹೇಳ್ತಾರ. ಬರದೀನಿ."

ಆ ತಿಂಗಳ ಸಾರಾಂಶ ಈಗಲೂ ನೋಟ್‌ಬುಕ್ಕಿನಲ್ಲಿದೆ. ಕೆಂಪು ಶಾಯಿ ಮಾಸಿ ಇಟ್ಟಿಗೆ ಬಣ್ಣವಾಗಿದೆ. ಕೂಡ್ಲಿಗಿ: ಹಿಟ್ಟು ಉಬ್ಬದ ದಿನಗಳೇ ಹೆಚ್ಚು. ಹರಪನಹಳ್ಳಿ: ಹ್ಯಾಂಡಲ್ ಹನ್ನೆರಡಕ್ಕೆ ಏರಿದ್ದು ಮತ್ತೆ ಇಳಿಯಲಿಲ್ಲ. ಹಗರಿಬೊಮ್ಮನಹಳ್ಳಿ: ಸೀಮೆಸುಣ್ಣ ಮುಗಿದಿದೆ. ಕೊಟ್ಟೂರು: ಅಳತೆ ನಂಬುವಂತಿಲ್ಲ, ಮಂದಿ ಚೌಕಾಸಿ ಮಾಡಲಿಲ್ಲ. ಹಡಗಲಿ: ತೊಟ್ಟಿಲಲ್ಲಿ ಎಂಬತ್ತೆರಡು, ಎರಡು ಪಾಳಿ. ನಾನು ಬರೆದ ಅಷ್ಟೂ ಸಾರಾಂಶಗಳಲ್ಲಿ ಸತ್ಯಕ್ಕೆ ಹತ್ತಿರವಾದದ್ದು ಅದೇ.

ಸಂಕ್ರಾಂತಿ ಕಳೆದು, ಬಿಸಿಲು ಬಲಿತ ಮೇಲೆ, ಡಾಕ್ಟರಮ್ಮ ಕೂಸನ್ನು ತಕ್ಕಡಿಯಲ್ಲಿಟ್ಟು ನೋಡಿ ನಕ್ಕರು. ಐದನೇ ತಿಂಗಳಿಗೆ ಪದ್ಧತಿಯಂತೆ ಮನೆಗೆ ಕರೆತಂದೆವು. ಹಲಗೆಯೂ ಅವಳ ಜೊತೆಗೇ ಬಂತು. ಸುಮಂಗಲಾ ಈಗ ಹರಪನಹಳ್ಳಿಯಲ್ಲಿ ನರ್ಸು. ಮನೆಗೆ ಬಂದಾಗಲೆಲ್ಲ ಹಲಗೆಯ ಧೂಳು ಒರೆಸಿ, "ಆರಕ್ಕ ಬರ್ತಿತ್ತು, ಅಪ್ಪಾ" ಎಂದು ಅಜ್ಜಿಯ ದನಿಯಲ್ಲೇ ಹೇಳಿ ಹೋಗುತ್ತಾಳೆ.

ಇನ್ನು ನಿಮಗೆ ನಾಲ್ಕು ಮಾತು, ಇದಕ್ಕೆ ದುಡ್ಡಿಲ್ಲ. ನೀವು ಹೇಳಿದ ಬೆಲೆಗೆ ಎದುರಿನವರು ಥಟ್ಟನೆ ಒಪ್ಪಿದರೆ ಬಸ್ಸಿನಲ್ಲಿ ನಗಬೇಡಿ. ಇಳಿದು ಹೋಗಿ, ಏನು ಮಾರಿದಿರೆಂದು ಮತ್ತೊಮ್ಮೆ ನೋಡಿ. ಯಾರು ಯಾವ ಅಂಕಿ ಹೇಳಿದರೂ ಎಲ್ಲಿ ನೇತುಹಾಕಿ ಅಳೆದದ್ದು ಎಂದು ಮೊದಲು ಕೇಳಿ. ಕಂಬಳಿ ಕೊಳ್ಳುವುದಾದರೆ ಬೇಸಗೆಯಲ್ಲಿ ಬನ್ನಿ, ನಾನು ಮೆತ್ತಗಿರುತ್ತೇನೆ. ಕೆಂಡ ಇಟ್ಟ ಕೋಣೆಗೆ ನಾಲ್ಕು ಬೆರಳು ಗವಾಕ್ಷಿ ಬಿಡಿ. ಮನೆಯಲ್ಲಿ ಎಳೇ ಕೂಸಿದ್ದರೆ ಅದಕ್ಕೆ ಚಳಿಯೋ ಅಲ್ಲವೋ ಎಂದು ತಿಳಿಯಲು ಯಾವ ಪಟ್ಟಿಯೂ ಬೇಡ, ಅಂಗಾಲು ಮುಟ್ಟಿ ನೋಡಿ. ಮುಟ್ಟುವ ಮೊದಲು ನಿಮ್ಮ ಕೈ ಕಾಸಿಕೊಳ್ಳಿ.